ಬೆಂಕಿ ಆರಿದ ಮೇಲೂ ದೇಹ ಉರಿಯುತ್ತದೆ: ಸುಟ್ಟಗಾಯ, ತೂಕ ಮತ್ತು ಊಟದ ರಾಜಕಾರಣ

2024ರ ಡಿಸೆಂಬರ್ ಕೊನೆಯಲ್ಲಿ ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಜಾಗದಲ್ಲಿ ಅಡುಗೆ ಅನಿಲ ಸೋರಿ ಬೆಂಕಿ ಹತ್ತಿಕೊಂಡಿತು. 9 ಮಂದಿ ಗಾಯಗೊಂಡರು. ಮುಂದಿನ ದಿನಗಳ ಸುದ್ದಿ ನಿಮಗೂ ನೆನಪಿರಬಹುದು. ಮೊದಲು ಇಬ್ಬರು ತೀರಿಕೊಂಡರು, ಆಮೇಲೆ ಇನ್ನಿಬ್ಬರು, ಹೀಗೆ ಒಬ್ಬೊಬ್ಬರಾಗಿ ಸಾವಿನ ಸಂಖ್ಯೆ 8ಕ್ಕೆ ಮುಟ್ಟಿತು. ಪರಿಹಾರ ಘೋಷಣೆಯಾಯ್ತು, ಟಿವಿಗಳು ಬೇರೆ ಸುದ್ದಿಗೆ ಹೋದವು.

ಸುಟ್ಟಗಾಯದ ಸುದ್ದಿ ಬಂದಾಗ ನಾವು ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಪರ್ಸೆಂಟ್?' ರೋಗಿಯ ಅಂಗೈ, ಬೆರಳು ಸೇರಿ, ದೇಹದ ಮೇಲ್ಮೈಯ ಸುಮಾರು ಶೇ 1ರಷ್ಟು. ಆ ಅಳತೆಯಲ್ಲಿ ಎಷ್ಟು ಚರ್ಮ ಸುಟ್ಟಿದೆ ಅನ್ನೋದೇ ಆ ಪರ್ಸೆಂಟ್. ವರದಿಗಾರರು ಅದನ್ನೇ ಬರೀತಾರೆ, ನೆಂಟರು ಅದನ್ನೇ ಫೋನಿನಲ್ಲಿ ಹೇಳ್ತಾರೆ. 70 ದಾಟಿದರೆ ಎಲ್ಲರೂ ಸುಮ್ಮನಾಗ್ತಾರೆ. ಹೆಚ್ಚು ಸುಟ್ಟವರಲ್ಲಿ ಮೊದಲ ವಾರದ ಸಾವುಗಳನ್ನು ಹೆಚ್ಚಾಗಿ ಆ ಅಂಕಿ, ಹೊಗೆಯಿಂದ ಸುಟ್ಟ ಶ್ವಾಸಕೋಶ ಮತ್ತು ಆಘಾತವೇ ತೀರ್ಮಾನಿಸುತ್ತವೆ. ಆದರೆ ಮೊದಲ ವಾರ ದಾಟಿ ಬದುಕಿದವರ ಹಣೆಬರಹ ಬರೆಯುವ ಇನ್ನೊಂದು ಅಂಕಿ ಇದೆ. ಅದನ್ನು ಯಾರೂ ಕೇಳಲ್ಲ. ಅದು ರೋಗಿಯ ತೂಕ. ಗಾಯವಾಗುವ ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಮುಂದಿನ ತಿಂಗಳು ಎಷ್ಟಿರುತ್ತೆ ಅನ್ನುವುದು.

ಮೈಯೊಳಗಿನ ಒಲೆ

ದೊಡ್ಡ ಸುಟ್ಟಗಾಯ ಬರೀ ಚರ್ಮದ ಗಾಯ ಅಲ್ಲ. ಚರ್ಮ ಹೋದ ಕಡೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಜೊತೆಗೆ ಮೈಯ ಶಾಖವೂ ಹೋಗುತ್ತದೆ. ಗಾಯದಿಂದ ಒಸರುವ ರಸದಲ್ಲಿ ಪ್ರೋಟೀನ್ ಸೋರುತ್ತದೆ. ಇದರ ಮೇಲೆ ಅಡ್ರಿನಲಿನ್, ಕಾರ್ಟಿಸಾಲ್ ಥರದ ಒತ್ತಡದ ಹಾರ್ಮೋನುಗಳು ಏರಿ ಕೂರುತ್ತವೆ, ಇಳಿಯೋದೇ ಇಲ್ಲ. ಹೃದಯ ಜೋರಾಗಿ ಬಡಿಯುತ್ತದೆ, ಮೈ ಬಿಸಿಯೇರುತ್ತದೆ. ದೇಹದ ಶೇ 40ಕ್ಕಿಂತ ಹೆಚ್ಚು ಸುಟ್ಟವರಲ್ಲಿ ಸುಮ್ಮನೆ ಮಲಗಿದ್ದಾಗ ಖರ್ಚಾಗುವ ಶಕ್ತಿಯೇ ಮಾಮೂಲಿನ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಹಾಸಿಗೆಯಿಂದ ಏಳಲಾಗದ ಮನುಷ್ಯ ದಿನವಿಡೀ ಗದ್ದೆ ಕೆಲಸ ಮಾಡಿದಷ್ಟು ಶಕ್ತಿ ಸುಡುತ್ತಿರುತ್ತಾನೆ.

ಈ ಒಲೆಗೆ ಸೌದೆ ಎಲ್ಲಿಂದ? ಉಪವಾಸ ಕೂತ ಆರೋಗ್ಯವಂತರ ದೇಹ ಕೊಬ್ಬನ್ನು ಮೊದಲು ಕರಗಿಸಿ ಮಾಂಸಖಂಡವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಸುಟ್ಟ ದೇಹಕ್ಕೆ ಆ ಜಾಣತನ ಉಳಿದಿರಲ್ಲ. ಅದು ತೋಳು, ತೊಡೆ, ಉಸಿರಾಟದ ಸ್ನಾಯುಗಳನ್ನೇ ಒಡೆದು ಒಲೆಗೆ ಹಾಕುತ್ತದೆ. ವೈದ್ಯರು ಒಂದು ಸ್ಥೂಲ ಲೆಕ್ಕ ಇಟ್ಟುಕೊಂಡಿರ್ತಾರೆ. ಕೊಬ್ಬು ಬಿಟ್ಟು ಉಳಿದ ದೇಹದಲ್ಲಿ ಶೇ 10ರಷ್ಟು ಕರಗಿದರೆ ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಶೇ 20 ಕರಗಿದರೆ ಗಾಯ ಮಾಯುವುದು ನಿಧಾನವಾಗುತ್ತದೆ. ಶೇ 30ಕ್ಕೆ ನ್ಯುಮೋನಿಯಾ, ಹಾಸಿಗೆ ಹುಣ್ಣು. ಶೇ 40ಕ್ಕೆ ಸಾವು. ತೊಡೆಯಿಂದ ತೆಗೆದು ಎದೆಗೆ ಹಚ್ಚಿದ ಚರ್ಮದ ಕಸಿ ಹಿಡಿಯಲಿಲ್ಲ ಅಂದರೆ ಅದು ಬರೀ ಸರ್ಜನ್ ಕೈಚಳಕದ ಪ್ರಶ್ನೆ ಅಲ್ಲ. ಕಸಿ ಹಿಡಿಯೋದಕ್ಕೆ ಬೇಕಾದ ಸಾಮಗ್ರಿ ಮೈಯಲ್ಲಿ ಇಲ್ಲದೇ ಇರಬಹುದು.

ಇನ್ನೂ ಮುಖ್ಯವಾದ ಸಂಗತಿ ಅವಧಿಯದ್ದು. ಈ ಒಲೆ ಗಾಯ ಮುಚ್ಚಿದ ದಿನ ಆರುವುದಿಲ್ಲ. ದೊಡ್ಡ ಸುಟ್ಟಗಾಯಗಳಲ್ಲಿ ಅದು ಒಂದು ವರ್ಷ, ಎರಡು ವರ್ಷ, ಕೆಲವರಲ್ಲಿ ಮೂರು ವರ್ಷದವರೆಗೂ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಅಂದರೆ ಡಿಸ್ಚಾರ್ಜ್ ಆಗಿ ಮನೆಗೆ ಬಂದವಳ ದೇಹ ಇನ್ನೂ ವಾರ್ಡಿನಲ್ಲೇ ಇರುತ್ತದೆ.

ತೂಕದ ಯಂತ್ರ ಇಲ್ಲಿ ಸುಳ್ಳು ಬೇರೆ ಹೇಳುತ್ತದೆ. ಮೊದಲ 24 ಗಂಟೆಗೆ ಎಷ್ಟು ಗ್ಲೂಕೋಸ್ ಬಾಟಲಿ (ಸರಿಯಾಗಿ ಹೇಳಬೇಕಂದ್ರೆ ರಿಂಗರ್ಸ್ ಲ್ಯಾಕ್ಟೇಟ್) ಹಾಕಬೇಕು ಅನ್ನೋದಕ್ಕೆ ಪಾರ್ಕ್‌ಲ್ಯಾಂಡ್ ಸೂತ್ರ ಇದೆ: 4 ಮಿಲೀ, ಅದಕ್ಕೆ ತೂಕದಿಂದ ಗುಣಿಸು, ಆಮೇಲೆ ಪರ್ಸೆಂಟ್‌ನಿಂದ ಗುಣಿಸು. ಇಂಜಿನಿಯರಿಂಗ್ ಓದಿದವರಿಗೆ ಇಂಥ ಸೂತ್ರ ಕಂಡರೆ ಒಂಥರಾ ಖುಷಿ. 45 ಕೆಜಿ ತೂಕದ, ಶೇ 40 ಸುಟ್ಟ ಹೆಂಗಸಿಗೆ 7.2 ಲೀಟರ್, ಅದರಲ್ಲಿ ಅರ್ಧ ಗಾಯವಾದ ಮೊದಲ 8 ಗಂಟೆಯಲ್ಲೇ. ಅಷ್ಟು ದ್ರವ ಒಳಗೆ ಹೋದ ಮೇಲೆ ಮೈಯೆಲ್ಲ ಊದಿಕೊಳ್ಳುತ್ತದೆ, ತೂಕ ಏರುತ್ತದೆ. ಜೊತೆಗೆ ಒದ್ದೆ ಬ್ಯಾಂಡೇಜಿನ ಭಾರ. ನೀರು ಇಳಿಯುವ ಹೊತ್ತಿಗೆ ಎರಡು ವಾರವಾಗಿರುತ್ತದೆ, ಮನೆಯವರು 'ಊತ ಇಳೀತು, ಈಗ ಪರವಾಗಿಲ್ಲ' ಅಂತ ನಿಟ್ಟುಸಿರು ಬಿಡ್ತಾರೆ. ಆ ಊತದ ಕೆಳಗೆ ಸ್ನಾಯು ಆಗಲೇ ಕರಗಿ ಹೋಗಿರುತ್ತದೆ.

ಅದಕ್ಕೇ ಗಾಯವಾಗುವ ಮುಂಚಿನ ತೂಕ ಗೊತ್ತಿರಬೇಕು. ದ್ರವ, ಔಷಧಿಯ ಡೋಸು, ಕ್ಯಾಲರಿ ಮೂರೂ ಅದರ ಮೇಲೆ ನಿಂತಿವೆ. 'ನಿಮ್ಮ ಮಗಳ ತೂಕ ಎಷ್ಟಿತ್ತಮ್ಮಾ?' ಅಂತ ಕೇಳಿದರೆ ಎಷ್ಟು ತಾಯಂದಿರಿಗೆ ಉತ್ತರ ಗೊತ್ತಿರುತ್ತೆ? ಕೊನೆಯ ಬಾರಿ ತೂಕ ನೋಡಿದ್ದು ಬಸುರಿಯಾಗಿದ್ದಾಗ, ಅಂಗನವಾಡಿಯಲ್ಲಿ.

ನಂಜು, ಪಥ್ಯ ಮತ್ತು ಒಂದು ತಟ್ಟೆ

ಈಗ ಅದೇ 45 ಕೆಜಿ ಹೆಂಗಸಿನ ಊಟದ ಲೆಕ್ಕ ಹಾಕೋಣ. ಕರೆರಿ ಸೂತ್ರ ಅಂತ 1970ರ ದಶಕದ್ದೊಂದಿದೆ: ಪ್ರತಿ ಕೆಜಿಗೆ 25 ಕ್ಯಾಲರಿ, ಸುಟ್ಟ ಪ್ರತಿ ಪರ್ಸೆಂಟ್‌ಗೆ 40 ಕ್ಯಾಲರಿ. 1,125ಕ್ಕೆ 1,600 ಸೇರಿಸಿದರೆ ದಿನಕ್ಕೆ 2,725 ಕ್ಯಾಲರಿ. ಈ ಸೂತ್ರ ಸ್ವಲ್ಪ ಜಾಸ್ತಿಯೇ ಹೇಳುತ್ತದೆ ಅಂತ ಆಮೇಲೆ ಗೊತ್ತಾಗಿದೆ, ಹಾಗಾಗಿ ಒಂದಷ್ಟು ಕಳೆಯಿರಿ. ಆದರೂ ಅವಳು ಆರೋಗ್ಯವಾಗಿದ್ದಾಗ ತಿನ್ನುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು. ಪ್ರೋಟೀನ್ ಕಥೆ ಇನ್ನೂ ಬಿಗಿ. ಆರೋಗ್ಯವಂತ ವಯಸ್ಕರಿಗೆ ಕೆಜಿಗೆ ಸುಮಾರು 0.8 ಗ್ರಾಂ ಸಾಕು, ಸುಟ್ಟಗಾಯದವರಿಗೆ 1.5ರಿಂದ 2 ಗ್ರಾಂ ಬೇಕು. ಇವಳಿಗೆ ದಿನಕ್ಕೆ 68ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಇರೋದು ಹೆಚ್ಚುಕಮ್ಮಿ 6 ಗ್ರಾಂ.

ಅನ್ನ, ತಿಳಿಸಾರು, ಬ್ರೆಡ್ಡು, ಒಂದು ಲೋಟ ಹಾಲಿನಿಂದ ಇದು ತುಂಬುತ್ತಾ?

ತುಂಬಲ್ಲ. ಅದರ ಮೇಲೆ ನಮ್ಮ ಮನೆಗಳ ಪಥ್ಯ ಶುರುವಾಗುತ್ತದೆ. ಗಾಯ ಇದ್ದರೆ ಮೊಟ್ಟೆ ಕೊಡಬೇಡಿ ನಂಜಾಗುತ್ತೆ, ಮೀನು ನಂಜು, ಬದನೆಕಾಯಿ ನಂಜು, ಬೇಳೆ ತಿಂದರೆ ಕೀವಾಗುತ್ತೆ. ಗಂಜಿ ಕೊಡಿ, ಸಪ್ಪೆ ಊಟ ಕೊಡಿ. ಇದನ್ನು ಹೇಳುವವರು ಕೆಟ್ಟವರಲ್ಲ. ರಾತ್ರಿಯಿಡೀ ವಾರ್ಡಿನ ಹೊರಗೆ ಟವೆಲ್ ಹಾಸಿಕೊಂಡು ಮಲಗುವ ಅಜ್ಜಿಯೇ ಇದನ್ನು ಹೇಳೋದು. ಆದರೆ ಫಲಿತಾಂಶ ಏನೆಂದರೆ, ದೇಹ ಸ್ನಾಯು ಕಿತ್ತು ತಿನ್ನುತ್ತಿರುವಾಗ ಅದಕ್ಕೆ ಬೇಕಾದ ಒಂದೇ ಒಂದು ವಸ್ತುವನ್ನು ಪ್ರೀತಿಯಿಂದಲೇ ದೂರ ಇಡುತ್ತೇವೆ. ಅಜ್ಜಿಯನ್ನು ಮೂಢನಂಬಿಕೆ ಅಂತ ಬೈದು ಪ್ರಯೋಜನವಿಲ್ಲ. ಅವರ ಜೊತೆ ಕೂತು ಐದು ನಿಮಿಷ ಮಾತಾಡುವ ಡಯೆಟಿಷಿಯನ್ ಇದ್ದಾರಾ ಅನ್ನೋದು ಪ್ರಶ್ನೆ.

ಆಸ್ಪತ್ರೆಯೇ ಹಾಕುವ ಉಪವಾಸವೂ ಇದೆ. ಪ್ರತಿ ಆಪರೇಷನ್ನಿಗೆ, ಅರಿವಳಿಕೆ ಕೊಟ್ಟು ಮಾಡುವ ಪ್ರತಿ ದೊಡ್ಡ ಡ್ರೆಸ್ಸಿಂಗಿಗೆ ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇಡಬೇಕು. ಒಬ್ಬರಿಗೇ ಹತ್ತಾರು ಬಾರಿ ಹೀಗಾಗಬಹುದು. ಥಿಯೇಟರ್ ಖಾಲಿಯಾಗದೆ ಸರದಿ ಮಧ್ಯಾಹ್ನಕ್ಕೆ ಹೋಗುತ್ತೆ, ಕೊನೆಗೆ 'ಇವತ್ತು ಆಗಲ್ಲ, ನಾಳೆ' ಅಂತಾರೆ. ಒಂದು ದಿನದ ಊಟ ಹೋಯ್ತು, ಆಪರೇಷನ್ನೂ ಆಗಲಿಲ್ಲ. ಎರಡೂ ಕೈಗೆ ಬ್ಯಾಂಡೇಜ್ ಇದ್ದರೆ ಚಮಚ ಹಿಡಿಯೋಕಾಗಲ್ಲ, ಯಾರಾದರೂ ತಿನ್ನಿಸಬೇಕು. ಮುಖ, ಗಂಟಲು ಸುಟ್ಟಿದ್ದರೆ ಮೂಗಿನ ನಳಿಗೆಯೇ ದಾರಿ. ದಾಖಲಾದ ಮೊದಲ ಗಂಟೆಗಳಲ್ಲೇ ನಳಿಗೆಯಲ್ಲಿ ಆಹಾರ ಶುರು ಮಾಡಬೇಕು ಅನ್ನೋದು ಈಗ ಒಪ್ಪಿತ ಪದ್ಧತಿ. ಸುಟ್ಟ ಚರ್ಮವನ್ನು ಬೇಗ ಕತ್ತರಿಸಿ ತೆಗೆದು ಕಸಿ ಹಾಕುವುದು, ಕೋಣೆಯನ್ನು 30 ಡಿಗ್ರಿ ಆಸುಪಾಸಿನಲ್ಲಿ ಬೆಚ್ಚಗೆ ಇಡುವುದು, ಹೃದಯದ ಬಡಿತ ಇಳಿಸುವ ಪ್ರೊಪ್ರನಲಾಲ್ ಮಾತ್ರೆ, ಆದಷ್ಟು ಬೇಗ ಎಬ್ಬಿಸಿ ನಡೆಸುವುದು, ಇವೆಲ್ಲ ಒಳಗಿನ ಒಲೆಯ ಉರಿ ತಗ್ಗಿಸುವ ದಾರಿಗಳು. ಇವುಗಳಲ್ಲಿ ಯಾವುದೂ ರಾಕೆಟ್ ವಿಜ್ಞಾನ ಅಲ್ಲ, ಆದರೆ ಎಲ್ಲಕ್ಕೂ ಜನ ಬೇಕು.

ಮಾರುಕಟ್ಟೆ ಮಾತ್ರ ಇಲ್ಲಿ ಪುಡಿ ಮಾರುತ್ತದೆ. ಗಾಯ ಬೇಗ ಮಾಯಲು ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ನಳಿಗೆಯಲ್ಲಿ ಕೊಡಬೇಕು ಅಂತ ವರ್ಷಗಟ್ಟಲೆ ನಂಬಲಾಗಿತ್ತು. ಹಲವು ದೇಶಗಳ ಸುಮಾರು 1,200 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ, ಅದರಿಂದ ಬದುಕುಳಿಯುವಿಕೆಯಲ್ಲಾಗಲೀ ಬೇಗ ಮನೆಗೆ ಹೋಗುವುದರಲ್ಲಾಗಲೀ ಲಾಭ ಇಲ್ಲ ಅಂತ ತೋರಿಸಿತು. ಮೆಡಿಕಲ್ ಶಾಪಿನಿಂದ ದುಬಾರಿ ಡಬ್ಬ ತರಲು ಚೀಟಿ ಬರೆಸಿಕೊಂಡವರು ಮೊದಲು ಮೊಟ್ಟೆ, ಹಾಲು, ಬೇಳೆ, ಶೇಂಗಾ, ಸೋಯಾದ ಲೆಕ್ಕ ಕೇಳುವುದು ಒಳ್ಳೇದು.

ದಪ್ಪಗಿದ್ದರೆ ಬಚಾವಾ?

ಈ ಪ್ರಶ್ನೆ ಬಂದೇ ಬರುತ್ತೆ. ಮೈಯಲ್ಲಿ ದಾಸ್ತಾನು ಇದ್ದವರು ತಡೆದುಕೊಳ್ಳಬಹುದಲ್ವಾ? ಕೆಲವು ಅಧ್ಯಯನಗಳಲ್ಲಿ ಸ್ವಲ್ಪ ಹೆಚ್ಚು ತೂಕದವರಲ್ಲಿ ಸಾವು ಕಡಿಮೆ ಕಂಡಿದ್ದುಂಟು, ಕೆಲವುಗಳಲ್ಲಿ ತದ್ವಿರುದ್ಧ. ಖಚಿತವಾಗಿ ಗೊತ್ತಿರುವುದು ಬೇರೆ. ತುಂಬ ದಪ್ಪಗಿರುವವರಲ್ಲಿ ಪರ್ಸೆಂಟ್ ಲೆಕ್ಕವೇ ತಪ್ಪುತ್ತದೆ. ಕೈಗೆ ಶೇ 9, ಕಾಲಿಗೆ ಶೇ 18 ಎಂಬ ಸುಲಭ ಹಂಚಿಕೆಯಲ್ಲಿ ಅವರ ಹೊಟ್ಟೆ-ಬೆನ್ನಿನ ನಿಜವಾದ ಪಾಲು ಸಿಗಲ್ಲ. ತೂಕಕ್ಕೆ ಗುಣಿಸಿ ದ್ರವ ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ ಕಸಿ ಹಿಡಿಯುವುದು ಕಷ್ಟ. ಮತ್ತು ಮೊದಲೇ ಹೇಳಿದ ಹಾಗೆ ಸುಟ್ಟ ದೇಹ ಕೊಬ್ಬನ್ನು ಬಿಟ್ಟು ಸ್ನಾಯುವಿಗೆ ಕೈ ಹಾಕುತ್ತದೆ. ಕಣ್ಣಿಗೆ ಗುಂಡಗೆ ಕಾಣುವವರು ಒಳಗೆ ಹಸಿದಿರಬಹುದು, 'ಇವರಿಗೇನು, ಚೆನ್ನಾಗೇ ಇದ್ದಾರೆ' ಅಂತ ತಟ್ಟೆಗೆ ಕಮ್ಮಿ ಬೀಳಲೂಬಹುದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 17 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ, ಸುಮಾರು ಶೇ 30 ಮಂದಿ ಅಧಿಕ ತೂಕದವರು, ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಬೆಂಕಿಯ ಮುಂದೆ ನಿಂತು ಅಡುಗೆ ಮಾಡುವವರು ಇವರೇ.

ಯಾರು ಸುಡುತ್ತಾರೆ

ತೂಕದ ಮಾತು ಇಲ್ಲಿ ಡಯೆಟ್ ಚಾರ್ಟಿನಿಂದ ಹೊರಗೆ ಬರುತ್ತದೆ. 2001ರ ಅಂಕಿಅಂಶ ಇಟ್ಟುಕೊಂಡು 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ, ಆ ಒಂದು ವರ್ಷದಲ್ಲಿ ಭಾರತದಲ್ಲಿ 1.63 ಲಕ್ಷ ಜನ ಬೆಂಕಿಗೆ ಸತ್ತರು, ಅದರಲ್ಲಿ 1.06 ಲಕ್ಷ ಹೆಂಗಸರು ಎಂದು ಅಂದಾಜಿಸಿತು. ಅವರಲ್ಲಿ ಹೆಚ್ಚಿನವರು 15ರಿಂದ 34 ವಯಸ್ಸಿನವರು. ಪೊಲೀಸ್ ಲೆಕ್ಕಕ್ಕಿಂತ ಇದು ಆರು ಪಟ್ಟು. ವರ್ಷಕ್ಕೆ ಸುಮಾರು 70 ಲಕ್ಷ ಸುಟ್ಟಗಾಯ, 1.4 ಲಕ್ಷ ಸಾವು, 2.4 ಲಕ್ಷ ಮಂದಿಗೆ ಶಾಶ್ವತ ವೈಕಲ್ಯ ಎಂಬುದು ಕೇಂದ್ರ ಸರ್ಕಾರದ ಸುಟ್ಟಗಾಯ ಕಾರ್ಯಕ್ರಮದ ದಾಖಲೆಗಳೇ ಬಳಸುವ ಅಂದಾಜು.

ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಲ್ಲೇ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನಿಂತು, 'ಸ್ಟವ್ ಸಿಡೀತು' ಎಂಬ ಮಾತಿನ ಹಿಂದೆ ಏನಿದೆ ಅಂತ ಕೇಳಿದ್ದರು. ಅದೇ ಕುಟುಂಬ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮದುವೆಯಾದ ಹೆಂಗಸರ ಪ್ರಮಾಣ ದೇಶದಲ್ಲೇ ಅತಿ ಹೆಚ್ಚು ಇದ್ದದ್ದು ಕರ್ನಾಟಕದಲ್ಲಿ, ಶೇ 44. ಪ್ರತಿ ಸುಟ್ಟಗಾಯವೂ ಅಪರಾಧವಲ್ಲ. ಆದರೆ ಕೇಸು ಏನೇ ಇರಲಿ, ವಾರ್ಡಿನಿಂದ ಬದುಕಿ ಹೊರಬಂದವಳು ಯಾವ ಮನೆಗೆ ಹೋಗುತ್ತಾಳೆ? ಆ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಎರಡು ವರ್ಷ ಅವಳಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಬಡಿಸಬೇಕು ಅಂತ ವೈದ್ಯವಿಜ್ಞಾನ ಹೇಳುತ್ತದೆ. ಅತ್ತೆ ಮನೆಯಲ್ಲಿ ಅದನ್ನು ಯಾರು ಹೇಳಬೇಕು?

ಹದಿನೈದು ದಿನ ಮತ್ತು ಎರಡು ವರ್ಷ

ಆಯುಷ್ಮಾನ್ ಭಾರತ್ ವಿಮೆಯಲ್ಲಿ ಸುಟ್ಟಗಾಯಕ್ಕೆ ಪ್ಯಾಕೇಜ್ ಇದೆ, ಅದು ಒಳ್ಳೆಯದೇ. ಆದರೆ ಆ ವಿಮೆ ಬಿಡುಗಡೆಯಾದ ಮೇಲೆ ನೋಡಿಕೊಳ್ಳುವುದು 15 ದಿನ. ದೇಹ ಉರಿಯುವುದು ಎರಡು ವರ್ಷ. ಪ್ಯಾಕೇಜ್ ಕಟ್ಟಿದವರು ಅಪೆಂಡಿಕ್ಸ್ ಆಪರೇಷನ್ನಿನ ಥರ ಯೋಚಿಸಿದ್ದಾರೆ. ಕತ್ತರಿಸಿದರು, ಹೊಲಿದರು, ಮನೆಗೆ ಕಳಿಸಿದರು. ಸುಟ್ಟಗಾಯದ ನಡವಳಿಕೆ ಅದಕ್ಕಿಂತ ಕ್ಷಯದ ಹಾಗೆ. ತಿಂಗಳುಗಟ್ಟಲೆ ಎಳೆಯುತ್ತದೆ, ಮೈ ಕರಗಿಸುತ್ತದೆ, ದುಡಿಮೆ ಕಿತ್ತುಕೊಳ್ಳುತ್ತದೆ.

ಕ್ಷಯದ ವಿಷಯದಲ್ಲಿ ನಾವು ಒಂದು ಪಾಠ ಕಲಿತಾಗಿದೆ, ಅದೂ ನಮ್ಮದೇ ರಾಜ್ಯದವರು ಕಲಿಸಿದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ ರೇಷನ್ಸ್ ಪ್ರಯೋಗದ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 2,800 ಕ್ಷಯ ರೋಗಿಗಳಿಗೆ ತಿಂಗಳಿಗೆ 10 ಕೆಜಿ ಆಹಾರದ ಬುಟ್ಟಿ ಕೊಟ್ಟರು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಹೆಚ್ಚಿಸಿಕೊಂಡವರಲ್ಲಿ ಸಾವಿನ ಸಾಧ್ಯತೆ ಶೇ 61ರಷ್ಟು ಕಡಿಮೆ ಕಂಡಿತು. ಆಹಾರ ಪಡೆದ ಮನೆಗಳ ಇತರರಿಗೆ ಕ್ಷಯ ಬರುವುದೂ ಶೇ 39ರಷ್ಟು ತಗ್ಗಿತು. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಸಾಲುತ್ತಾ ಅಂದರೆ ಸಾಲಲ್ಲ. ಆದರೆ ಊಟವೂ ಔಷಧಿ, ಅದಕ್ಕೆ ಬಜೆಟ್ಟಿನಲ್ಲಿ ಜಾಗ ಬೇಕು ಎಂದು ಸರ್ಕಾರ ಒಪ್ಪಿಕೊಂಡಿತು. ಸುಟ್ಟಗಾಯದವರಿಗೆ ಇದು ಯಾಕೆ ಅನ್ವಯಿಸಲ್ಲ?

ದುಡ್ಡಿನ ಲೆಕ್ಕ ಹೆದರಿಸುವಂಥದ್ದೇನಲ್ಲ. ಮೊಟ್ಟೆಗೆ 7 ರೂಪಾಯಿ ಅಂದುಕೊಳ್ಳಿ. ದಿನಕ್ಕೆ ಆರು ಮೊಟ್ಟೆ, 36 ಗ್ರಾಂ ಪ್ರೋಟೀನ್, 42 ರೂಪಾಯಿ. ತಿಂಗಳಿಗೆ 1,260. ಒಂದು ಕಸಿ ಹಿಡಿಯದೆ ಮತ್ತೆ ಥಿಯೇಟರಿಗೆ ಒಯ್ಯುವ ಖರ್ಚಿನ ಮುಂದೆ ಇದೆಷ್ಟು? ತಿನ್ನದವರಿಗೆ ಹಾಲು, ಕಡಲೆ, ಶೇಂಗಾ ಕೊಡಿ, ಜಗಳ ಇಲ್ಲ. ಆದರೆ 2021ರಲ್ಲಿ ಶಾಲೆಯ ಬಿಸಿಯೂಟದ ಮೊಟ್ಟೆಗೆ ಕೆಲವು ಮಠಾಧೀಶರು ಅಡ್ಡ ಬಂದಾಗ ಗಂಗಾವತಿಯ ಹುಡುಗಿಯೊಬ್ಬಳು ಕೊಟ್ಟ ಉತ್ತರ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಮೊಟ್ಟೆ ಈ ರಾಜ್ಯದಲ್ಲಿ ಬರೀ ಮೊಟ್ಟೆಯಾಗಿ ಉಳಿದಿಲ್ಲ, ಗೊತ್ತಿದೆ. ವಾರ್ಡಿನ ತಟ್ಟೆಗೂ ಆ ಜಗಳ ಬರುವ ಮೊದಲೇ ರೋಗಿಯ ಹಕ್ಕು ಅಂತ ಅದನ್ನು ಬರೆದಿಡುವುದು ವಾಸಿ.

ವ್ಯವಸ್ಥೆ ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಅಂಗನವಾಡಿಯಲ್ಲಿ ತೂಕದ ಯಂತ್ರ ಇದೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಲ್ಲಿ ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ ಕೊಡುತ್ತಿದ್ದಾರೆ. ಆಶಾ ಕಾರ್ಯಕರ್ತೆ ಕ್ಷಯ ರೋಗಿಯ ಮನೆಗೆ ಹೇಗೂ ಹೋಗುತ್ತಾರೆ. ಸುಟ್ಟಗಾಯದಿಂದ ಬಿಡುಗಡೆಯಾದವರ ಹೆಸರು ಅದೇ ಪಟ್ಟಿಗೆ ಸೇರಬೇಕು, ಎರಡು ವಾರಕ್ಕೊಮ್ಮೆ ತೂಕ ಬರೆಯಬೇಕು, ಇಳಿಯುತ್ತಿದ್ದರೆ ತಾಲ್ಲೂಕು ಆಸ್ಪತ್ರೆಗೆ ಫೋನ್ ಹೋಗಬೇಕು. ಹೌದು, ಆಶಾ ಮೇಲೆ ಇನ್ನೊಂದು ಹೊರೆ. ಅವರ ಗೌರವಧನದ ಹೋರಾಟಕ್ಕೆ ಬೆಂಬಲ ಕೊಡದೆ ಈ ಸಲಹೆ ಕೊಡುವುದು ನಾಚಿಕೆಗೇಡು, ಹಾಗಾಗಿ ಎರಡನ್ನೂ ಒಟ್ಟಿಗೇ ಕೇಳೋಣ.

ಕಾನೂನಿನಲ್ಲೂ ಒಂದು ತೂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಸಿಡ್ ದಾಳಿಗೆ ಒಳಗಾದವರು ಪ್ರತ್ಯೇಕವಾಗಿ ಇದ್ದಾರೆ. ಹಸೀನಾ ಹುಸೇನ್ ಅಂಥವರು ಈ ರಾಜ್ಯದಲ್ಲೇ ಕಟ್ಟಿದ ಹೋರಾಟದ ಹಿನ್ನೆಲೆ ಅದಕ್ಕಿದೆ. ಆದರೆ ಸೀಮೆಎಣ್ಣೆ, ಗ್ಯಾಸು, ಕುದಿಯುವ ಸಾರಿನಿಂದ ಅದೇ ಮುಖ, ಅದೇ ಕತ್ತು, ಅದೇ ಬಿಗಿದುಕೊಂಡ ಕೈ ಆದವರಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಅವರು ಚಲನೆಯ ವೈಕಲ್ಯ ಎಂಬ ಬಾಗಿಲಿನಿಂದ, ಸರ್ಟಿಫಿಕೇಟಿನ ಪರ್ಸೆಂಟ್ ಹಿಡಿದು ಒಳಗೆ ನುಗ್ಗಬೇಕು. ಮತ್ತೆ ಅದೇ ಪರ್ಸೆಂಟ್! ಕಾರ್ಖಾನೆಯಲ್ಲಿ ಸುಟ್ಟುಕೊಂಡ ಕಾರ್ಮಿಕನಿಗೆ ಇಎಸ್‌ಐ ಇದ್ದರೆ, ಕೆಲಸಕ್ಕೆ ಹೋಗಲಾಗದಷ್ಟು ಕಾಲ ಕೂಲಿಯ ಶೇ 90 ಸಿಗುತ್ತದೆ. ಅಡುಗೆಮನೆಯಲ್ಲಿ ಸುಟ್ಟುಕೊಂಡವಳ ಕೆಲಸಕ್ಕೆ ಕೂಲಿಯೇ ಇಲ್ಲ, ಯಾವುದರ ಶೇ 90 ಕೊಡೋದು?

ಮೂರು ಜಿಲ್ಲೆಗಳಿಂದ ಬಂದ ಕೆಲವು ಡಿಸ್ಚಾರ್ಜ್ ಸಮ್ಮರಿಗಳನ್ನು ಈ ಲೇಖನಕ್ಕೆಂದು ನೋಡಿದೆ. ಎಷ್ಟು ಪರ್ಸೆಂಟ್ ಅಂತ ಎಲ್ಲದರಲ್ಲೂ ಇತ್ತು. ಹಾಕಿದ ರಕ್ತ, ಆಂಟಿಬಯಾಟಿಕ್ ಹೆಸರು, ಮತ್ತೆ ಬರಬೇಕಾದ ತಾರೀಖು ಇತ್ತು. ಊಟದ ಬಗ್ಗೆ ಇದ್ದದ್ದು 'ಹೈ ಪ್ರೋಟೀನ್ ಡಯೆಟ್' ಎಂಬ ಮೂರು ಇಂಗ್ಲಿಷ್ ಪದ, ಅದನ್ನು ಓದಿ ಹೇಳುವವರು ಮನೆಯಲ್ಲಿದ್ದಾರೋ ಇಲ್ಲವೋ. ದಾಖಲಾದ ದಿನದ ತೂಕ, ಬಿಡುಗಡೆಯಾದ ದಿನದ ತೂಕ ಎರಡೂ ಬರೆದಿದ್ದ ಸಮ್ಮರಿ ಒಂದೂ ಸಿಗಲಿಲ್ಲ. ಮುಂದಿನ ಅಧಿವೇಶನದಲ್ಲಿ ಆರೋಗ್ಯ ಸಚಿವರಿಗೆ ಪ್ರಶ್ನೆ ಕೇಳುವ ಶಾಸಕರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಎರಡು ಅಂಕಿಗಳನ್ನು ಕಡ್ಡಾಯ ಮಾಡಲು ಒಂದು ಸುತ್ತೋಲೆ ಸಾಕು.